ಒಂದು ಬಾಟಲಿ, ಒಂದು ದಾರ, ಎರಡೇ ಬಾಣ

ಒಂಬತ್ತನೇ ಕ್ಲಾಸಿನ ಬೋರ್ಡಿನ ಮೇಲೆ ತೂಗಾಡುವ ಲೋಲಕದ ಚಿತ್ರ ಬರೆದೆ. ಗುಂಡಿನ ಮೇಲೆ ಯಾವ್ಯಾವ ಬಲ ಇದೆ, ಬಾಣ ಹಾಕಿ ಅಂದೆ. ಮುಕ್ಕಾಲು ಮಕ್ಕಳು ಮೂರು ಬಾಣ ಹಾಕಿದ್ದರು. ಕೆಳಕ್ಕೆ ಗುರುತ್ವ, ದಾರದ ಗುಂಟ ಎಳೆತ, ಆಮೇಲೆ ಗುಂಡು ಹೋಗುವ ಕಡೆಗೆ ಇನ್ನೊಂದು.

"ಈ ಮೂರನೆಯದು ಯಾರು ಕೊಡೋದು?"

"ಅದು ಓಡ್ತಾ ಇದೆಯಲ್ಲ ಸರ್, ಅದರದ್ದೇ."

ನಗಲಿಲ್ಲ. ಪಿಯುಸಿ ಮುಗಿಯುವ ತನಕ ನಾನೂ ಹಾಗೇ ಅಂದುಕೊಂಡಿದ್ದೆ. ಗುಂಡನ್ನು ಮುಟ್ಟಿರುವುದು ದಾರ ಒಂದೇ. ಭೂಮಿ ಮುಟ್ಟದೆ ಎಳೆಯುತ್ತದೆ. ಗಾಳಿಯ ತಡೆ ಸ್ವಲ್ಪ ಇದೆ, ಅದನ್ನು ಬಿಡೋಣ. ಇನ್ಯಾರಿದ್ದಾರೆ ತಳ್ಳೋಕೆ?

ಮೂರನೇ ಬಾಣ ಅಳಿಸಿದ್ದು ಸುಲಭ. ಕಷ್ಟ ಆಗಿದ್ದು ದಾರದ ಎಳೆತದ ವಿಷಯ. ಗುಂಡಿನ ತೂಕ ಎಷ್ಟೋ ಎಳೆತವೂ ಯಾವಾಗಲೂ ಅಷ್ಟೇ ಎಂದು ಎಲ್ಲರ ನಂಬಿಕೆ. ಸೂತ್ರ ಬರೆದರೆ ಕಾಪಿ ಮಾಡಿಕೊಳ್ಳುತ್ತಾರೆ, ನಂಬುವುದಿಲ್ಲ.

ಅದಕ್ಕೆ ಲ್ಯಾಬಿನಿಂದ 2 ಕೆಜಿಯ ಸ್ಪ್ರಿಂಗ್ ತಕ್ಕಡಿ ತಂದು ವರಾಂಡದ ಕೊಕ್ಕೆಗೆ ನೇತು ಹಾಕಿದೆ. ಕೆಳಗೆ ದಾರ, ದಾರದ ತುದಿಗೆ ನೀರಿನ ಬಾಟಲಿ. ನೀರು ಚೆಲ್ಲಿ ಚೆಲ್ಲಿ ಮುಳ್ಳು ಸರಿಯಾಗಿ 500 ಗ್ರಾಂಗೆ ನಿಲ್ಲುವ ಹಾಗೆ ಮಾಡಿದೆ. ಕೊಕ್ಕೆಯಿಂದ ಬಾಟಲಿಯ ನಡುವಿನ ತನಕ 1 ಮೀಟರ್. ದಾರ 60 ಡಿಗ್ರಿ ಓರೆಯಾಗುವ ತನಕ ಬಾಟಲಿ ಎತ್ತಿ ಬಿಡಬೇಕು, ಅದನ್ನು ಅಳೆಯಲು ಕೋನಮಾಪಕ ಬೇಕಿಲ್ಲ. ಬಾಟಲಿ ಸುಮ್ನೆ ನೇತಾಡುವ ಜಾಗದಿಂದ 50 ಸೆಂಟಿಮೀಟರ್ ಮೇಲಕ್ಕೆ ಗೋಡೆಗೆ ಚಾಕ್ ಗೆರೆ ಎಳೆದರೆ ಸಾಕು.

ಮೊದಲ ಸಲ ಹೂ ಕಟ್ಟುವ ದಾರ ಹಾಕಿದ್ದೆ. ಸುಮ್ನೆ ನೇತಾಡುವಾಗ ಚೆನ್ನಾಗಿಯೇ ತಡೆದಿತ್ತು. ಗೆರೆಯ ತನಕ ಎತ್ತಿ ಬಿಟ್ಟೆ. ಮೇಲೆ ಏನೂ ಆಗಲಿಲ್ಲ, ಸರಿಯಾಗಿ ಕೆಳಗೆ ಬಂದಾಗ ಪಟ್ ಎಂದು ಹರಿಯಿತು. ಬಾಟಲಿ ನೆಟ್ಟಗೆ ಮುಂದಕ್ಕೆ ಹಾರಿ ಮೆಟ್ಟಿಲ ಹತ್ತಿರ ಬಿತ್ತು. ಅಲ್ಲಿ ಯಾರನ್ನೂ ನಿಲ್ಲಿಸಿರಲಿಲ್ಲ, ಪುಣ್ಯ. ಪಾಠದ ಅರ್ಧ ಅಲ್ಲೇ ಆಗಿ ಹೋಯಿತು.

ಎರಡನೇ ಸಲ ಗಟ್ಟಿ ನೈಲಾನ್ ದಾರ. ಮುಳ್ಳು ಬೇಗ ಬೇಗ ಆಡುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ ಒಂದೊಂದೇ ಚಿತ್ರ ನೋಡಿದೆವು. ತುದಿಯಲ್ಲಿ ಬಾಟಲಿ ಒಂದು ಕ್ಷಣ ನಿಂತಾಗ ಹೆಚ್ಚುಕಮ್ಮಿ 250. ಕೆಳಗೆ ಬಂದಾಗ 950ರ ಹತ್ತಿರ. ಲೆಕ್ಕದ ಪ್ರಕಾರ 1000 ಬರಬೇಕು. ಸ್ಪ್ರಿಂಗ್ ಸ್ವಲ್ಪ ತಡ ಮಾಡುತ್ತದೆ, ಅಷ್ಟು ಬಂದಿದ್ದೇ ಜಾಸ್ತಿ.

ತುದಿಯಲ್ಲಿ ತೂಕದ ಅರ್ಧ, ಕೆಳಗೆ ತೂಕದ ಎರಡರಷ್ಟು! ಬಾಟಲಿ ಕೆಳಗೆ ಬಂದಾಗ ಅದರ ದಾರಿ ಮೇಲಕ್ಕೆ ಬಾಗಬೇಕು. ಬಾಗಿಸುವ ಕೆಲಸ ದಾರದ್ದು. ತೂಕ ಹೊರುವುದರ ಜೊತೆಗೆ ಇದೂ ಸೇರಿ ಎಳೆತ ಏರುತ್ತದೆ. ಕೊಕ್ಕೆಯಿಂದ ಬಾಟಲಿಯ ನಡುವಿನ ತನಕ ಅರ್ಧ ಮೀಟರ್ ಆಗುವ ಹಾಗೆ ದಾರ ಗಿಡ್ಡ ಮಾಡಿ, ಬಾಟಲಿ ಈಗ ನೇತಾಡುವ ಜಾಗದಿಂದ 25 ಸೆಂಟಿಮೀಟರ್ ಮೇಲಕ್ಕೆ ಹೊಸ ಗೆರೆ ಎಳೆದು ಮತ್ತೆ ಬಿಟ್ಟೆವು. ವೇಗ ಕಮ್ಮಿ ಆಯಿತು, ಮುಳ್ಳು ಮಾತ್ರ ಹೆಚ್ಚುಕಮ್ಮಿ ಅಲ್ಲಿಗೇ ಬಂತು. ಉದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ, ಕೋನವೇ ಎಲ್ಲ. 90 ಡಿಗ್ರಿಯಿಂದ ಬಿಟ್ಟಿದ್ದರೆ ಮೂರರಷ್ಟು ಆಗುತ್ತಿತ್ತು. ಲ್ಯಾಬಿನ ತಕ್ಕಡಿ, ಹಾಗಾಗಿ ಧೈರ್ಯ ಮಾಡಲಿಲ್ಲ.

ನನಗೇ ಬೆರಗಾಗಿದ್ದು ಬೇರೆ. ಒಬ್ಬ ಹುಡುಗ ಬಾಟಲಿಯನ್ನು ನೇರ ಅಡ್ಡಕ್ಕೆ ಎಳೆದು ಗೆರೆಯ ಹತ್ತಿರ ಹಿಡಿದುಕೊಂಡಿದ್ದ. ಬಿಡುವ ಮೊದಲೇ ಮುಳ್ಳು 1000 ತೋರಿಸುತ್ತಿತ್ತು! ಕೈ ಬಿಟ್ಟ ಕೂಡಲೇ ಕಾಲು ಭಾಗಕ್ಕೆ ಇಳಿಯಿತು. ಅಡ್ಡಕ್ಕೆ ಎಳೆದರೆ ಬಾಟಲಿಯ ಪೂರ್ತಿ ತೂಕವನ್ನು ಓರೆ ದಾರವೇ ಹೊರಬೇಕು, ಕೈ ಸ್ವಲ್ಪವೂ ಎತ್ತುವುದಿಲ್ಲ. ಅದೇ ದಾರಕ್ಕೆ ನೆಟ್ಟಗೆ ಅಡ್ಡವಾಗಿ, ಓರೆಯಾಗಿ ಮೇಲಕ್ಕೆ ಎಳೆದು ಹಿಡಿದರೆ 250. ಇದನ್ನು ಅವನಿಂದಲೇ ಕಲಿತೆ.

ಕೊನೆಗೆ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಪಂಚಮಿ ಜೋಕಾಲಿಗೆ ಇಬ್ಬರು ನಿಂತು ಜೀಕ್ತಾರಲ್ಲ ಸರ್, ಆಗ?" ಇಬ್ಬರೂ ಸೇರಿ 100 ಕೆಜಿ ಅಂತ ಇಟ್ಟುಕೊಂಡು 60 ಡಿಗ್ರಿಗೆ ಲೆಕ್ಕ ಹಾಕಿಸಿದೆ. ಕೆಳಗೆ ಬಂದಾಗ ಕೊಂಬೆಯ ಮೇಲೆ 200 ಕೆಜಿಯ ಭಾರ. ಎರಡು ಹಗ್ಗ ಇರುವುದರಿಂದ ಒಂದೊಂದಕ್ಕೆ 100.

"ನಮ್ಮನೆ ಹಗ್ಗ ಹಳೇದು ಸರ್," ಅಂದಳು. ಈ ಸಲ ಹೊಸದು ಹಾಕಿಸು ಅಂದೆ.