ಎಂಡೊಮೆಟ್ರಿಯೋಸಿಸ್‌ಗೆ ಎಂಆರ್‌ಐ: ನಾನು ಮಾಡುವ ಬಗೆ, ಓದುವ ಬಗೆ

ಗರ್ಭಕೋಶದ ಒಳಪದರದಂತಹ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ರೋಗವೇ ಎಂಡೊಮೆಟ್ರಿಯೋಸಿಸ್. ಅದು ಇರಬಹುದೆಂಬ ಅನುಮಾನದಿಂದ ಬಂದವರನ್ನು ಸ್ಕ್ಯಾನ್‌ಗೆ ಮಲಗಿಸುವ ಮೊದಲು ನಾನೇ ಮಾತನಾಡಿಸುತ್ತೇನೆ. ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಹೋದಾಗ ನೋವಾಗುತ್ತದೆಯೇ, ಮೂತ್ರ ಮಾಡುವಾಗ ನೋವಾಗುತ್ತದೆಯೇ ಎಂದು ಕೇಳುತ್ತೇನೆ. ಚೀಟಿಯಲ್ಲಿ ಬರೀ ‘ಹೊಟ್ಟೆನೋವು’ ಎಂದಿದ್ದರೆ ಎಲ್ಲಿ ಹುಡುಕಬೇಕೆಂಬುದು ತಿಳಿಯುವುದಿಲ್ಲ.

ಕೆಲವು ಗಂಟೆ ಉಪವಾಸವಿದ್ದು, ಮೂತ್ರಕೋಶ ಅರ್ಧದಷ್ಟು ತುಂಬಿರುವಾಗ ಬರಲು ಹೇಳುತ್ತೇನೆ. ಕರುಳು ಅಲುಗಾಡಿದರೆ ಚಿತ್ರ ಮಸುಕಾಗುತ್ತದೆ. ಹಾಗಾಗಿ ಗ್ಲಾಕೋಮಾದಂತಹ (ಕಣ್ಣಿನ ಒಂದು ರೋಗ) ತೊಂದರೆ ಇಲ್ಲವೆಂದು ಖಚಿತಪಡಿಸಿಕೊಂಡು, ಕರುಳಿನ ಚಲನೆಯನ್ನು ತಗ್ಗಿಸುವ ಹಯೋಸಿನ್ ಇಂಜೆಕ್ಷನ್ ಕೊಡಿಸುತ್ತೇನೆ. ಯೋನಿಗೆ ಜೆಲ್ ಹಾಕಿದರೆ ಅಲ್ಲಿನ ಗೋಡೆ ಸ್ಪಷ್ಟವಾಗುತ್ತದೆ, ನಿಜ. ಆದರೆ ಮದುವೆಯಾಗದ ಹುಡುಗಿಯರು ಹಿಂಜರಿದರೆ ಒತ್ತಾಯಿಸುವುದಿಲ್ಲ. ಜೆಲ್ ಇಲ್ಲದೆಯೂ ಒಳ್ಳೆಯ ಸ್ಕ್ಯಾನ್ ಸಾಧ್ಯ.

ಅಂಡಾಶಯದ ಚಾಕೊಲೇಟ್ ಸಿಸ್ಟ್, ಅಂದರೆ ಈ ರೋಗದಿಂದ ಹಳೆಯ ರಕ್ತ ತುಂಬಿಕೊಂಡ ಚೀಲ, ಗುರುತಿಸುವುದು ಅಷ್ಟು ಕಷ್ಟವಲ್ಲ. ಎಂಆರ್‌ಐಯಲ್ಲಿ ಟಿ1, ಟಿ2 ಎಂಬ ಎರಡು ಬಗೆಯ ಚಿತ್ರಗಳನ್ನು ತೆಗೆಯುತ್ತೇವೆ. ಹಳೆಯ ರಕ್ತ ಟಿ1 ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಕೊಬ್ಬಿನ ಸಂಕೇತವನ್ನು ಅಡಗಿಸಿದ ಮೇಲೂ ಆ ಹೊಳಪು ಉಳಿಯುತ್ತದೆ. ಹೊಳಪು ಅಲ್ಲಿ ಮಾಯವಾದರೆ ಅದು ಕೊಬ್ಬು. ಆಗ ಕೊಬ್ಬು ತುಂಬಿದ ಬೇರೊಂದು ಬಗೆಯ ಚೀಲ, ಡರ್ಮಾಯ್ಡ್ ಸಿಸ್ಟ್ ಎಂದು ಯೋಚಿಸುತ್ತೇನೆ.

ನನ್ನ ಹೆಚ್ಚಿನ ಹೊತ್ತು ಹೋಗುವುದು ಗರ್ಭಕೊರಳಿನ ಹಿಂಭಾಗದಲ್ಲಿ. ಆಳಕ್ಕಿಳಿದ ರೋಗ ಅಲ್ಲಿ ನಾರಿನಂತೆ ಗಟ್ಟಿಯಾಗಿ, ಟಿ2 ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಹೊಳಪನ್ನೇ ಹುಡುಕುವ ಕಣ್ಣಿಗೆ ಅದು ಸುಲಭವಾಗಿ ತಪ್ಪಿಹೋಗುತ್ತದೆ. ಗರ್ಭಕೋಶವನ್ನು ಹಿಂದಕ್ಕೆ ಹಿಡಿದಿಡುವ ಸ್ನಾಯುಬಂಧಗಳು ದಪ್ಪಗಾಗಿವೆಯೇ, ಗುದನಾಳದ ಮುಂಗೋಡೆ ಮುಂದಕ್ಕೆ ಜಗ್ಗಿಕೊಂಡಿದೆಯೇ ಎಂದು ಒಂದೊಂದೇ ಚಿತ್ರ ದಾಟುತ್ತಾ ನೋಡುತ್ತೇನೆ. ಎರಡೂ ಅಂಡಾಶಯಗಳು ಗರ್ಭಕೋಶದ ಹಿಂದೆ ಒಂದಕ್ಕೊಂದು ತಾಗಿಕೊಂಡಿದ್ದರೆ ಸುತ್ತಲೂ ಅಂಟು ಬೆಳೆದಿರುವ ಸಾಧ್ಯತೆ ಹೆಚ್ಚು. ಕರುಳಿಗೆ ರೋಗ ತಗುಲಿದ್ದರೆ ಗಂಟಿನ ಉದ್ದ, ಗೋಡೆಯೊಳಗೆ ಇಳಿದಿರುವ ಆಳ, ಗುದದ್ವಾರದಿಂದ ಇರುವ ದೂರ ಮೂರನ್ನೂ ಅಳೆದು ಬರೆಯುತ್ತೇನೆ. ಶಸ್ತ್ರಚಿಕಿತ್ಸೆಗೆ ಕರುಳಿನ ಸರ್ಜನ್ ಕೂಡ ಬೇಕೇ ಎಂಬುದು ಈ ಅಳತೆಗಳಿಂದ ತೀರ್ಮಾನವಾಗುತ್ತದೆ. ಕೊನೆಗೆ ಮೂತ್ರಪಿಂಡಗಳನ್ನೂ ಒಮ್ಮೆ ನೋಡಲೇಬೇಕು: ಮೂತ್ರನಾಳವನ್ನು ರೋಗ ಬಿಗಿದರೆ ಯಾವ ನೋವೂ ಇಲ್ಲದೆ ಮೂತ್ರಪಿಂಡ ಹಾಳಾಗಬಹುದು.

ಇಷ್ಟೆಲ್ಲ ನೋಡಿಯೂ ಏನೂ ಕಾಣದಿದ್ದಾಗ ವರದಿಯಲ್ಲಿ ‘ನಾರ್ಮಲ್’ ಎಂಬ ಒಂದೇ ಪದ ಬರೆದು ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಹೊಟ್ಟೆಯ ಒಳಪೊರೆಯ ಮೇಲಷ್ಟೇ ಹರಡಿದ ಸಣ್ಣ ಚುಕ್ಕೆಗಳು ಎಂಆರ್‌ಐಯಲ್ಲಿ ಬಹುಪಾಲು ಕಾಣುವುದಿಲ್ಲ. ಸ್ಕ್ಯಾನ್‌ನಲ್ಲಿ ಕಾಣಲಿಲ್ಲವೆಂದು ರೋಗವಿಲ್ಲ ಎನ್ನಬಾರದೆಂದು ಯುರೋಪಿನ ತಜ್ಞರ ಸಂಸ್ಥೆ ಎಶ್ರೆಯ 2022ರ ಮಾರ್ಗಸೂಚಿಯೂ ಹೇಳುತ್ತದೆ. ‘ಆಳದ ರೋಗ ಕಂಡುಬಂದಿಲ್ಲ, ಮೇಲ್ಪದರದ ರೋಗವನ್ನು ಈ ಪರೀಕ್ಷೆ ತಳ್ಳಿಹಾಕುವುದಿಲ್ಲ’ ಎಂದೇ ಬರೆಯುತ್ತೇನೆ. ಜೊತೆಗೆ ಬಂದ ಅಮ್ಮನನ್ನೋ ಗಂಡನನ್ನೋ ಅತ್ತೆಯನ್ನೋ ಒಳಗೆ ಕರೆಸಿಕೊಳ್ಳಬಹುದೇ ಎಂದು ಸ್ಕ್ಯಾನ್ ಮಾಡಿಸಿಕೊಂಡವಳನ್ನು ಕೇಳುತ್ತೇನೆ. ಅವಳು ಒಪ್ಪಿದರೆ ಅದೇ ಮಾತನ್ನು ಅವರಿಗೂ ವಿವರಿಸಿ, ಸ್ತ್ರೀರೋಗ ತಜ್ಞರ ಬಳಿ ಚಿಕಿತ್ಸೆ ಮುಂದುವರಿಸಲು ಹೇಳಿ ಕಳುಹಿಸುತ್ತೇನೆ.