ಮಲಗಿದ್ದ ವೈರಸ್ಸನ್ನು ಎಬ್ಬಿಸಿದ್ದು

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ. ಜಿಲ್ಲೆಯದೇ ಒಂದು ಲ್ಯಾಬಿನಲ್ಲಿ ಎಚ್‌ಐವಿ ಕೆಲಸ ಕಲಿಯುತ್ತಿದ್ದಾಗ ಬಸ್ಸಿನಲ್ಲೇ ಹೋಗಿ ಬರುತ್ತಿದ್ದೆ. ಲ್ಯಾಬಿನಲ್ಲಿ ಮಾತೆಲ್ಲ ಮಲಯಾಳ, ಬರೆಯುವುದೆಲ್ಲ ಇಂಗ್ಲಿಷ್. ನೋಟ್‌ಬುಕ್ಕಿನ ಅಂಚಿನಲ್ಲಿ ಮಾತ್ರ ನನ್ನ ಕನ್ನಡ. ಅಲ್ಲಿ ಮೊದಲ ವಾರ ಬರೆದದ್ದು ಒಂದೇ ಪದ: ‘ಕತ್ತಲೆ’.

ನಾನು ಬಳಸಿದ್ದು ಜೆ-ಲ್ಯಾಟ್ ಕೋಶಗಳು. ಇವುಗಳ ಮೂಲ ಜರ್ಕಾಟ್ ಎಂಬ ಟಿ-ಕೋಶ, ಅಂದರೆ ಒಂದು ಬಗೆಯ ಬಿಳಿ ರಕ್ತಕಣ. 1970ರ ದಶಕದಲ್ಲಿ ರಕ್ತದ ಕ್ಯಾನ್ಸರ್ ಇದ್ದ 14 ವರ್ಷದ ಹುಡುಗನೊಬ್ಬನ ರಕ್ತದಿಂದ ಬೆಳೆಸಿದ್ದು; ಇನ್ನೂ ಬೆಳೆಯುತ್ತಲೇ ಇದೆ. ಜೆ-ಲ್ಯಾಟ್‌ನ ಡಿಎನ್‌ಎಯೊಳಗೆ ಎಚ್‌ಐವಿ ಸುಮ್ನೆ ಮಲಗಿರುತ್ತದೆ. ಅದರ ಹೊರಕವಚದ ಜೀನ್ ಕೆಡಿಸಿದ್ದಾರೆ, ಹಾಗಾಗಿ ಇನ್ನೊಂದು ಕೋಶಕ್ಕೆ ಹರಡುವುದಿಲ್ಲ. ಜೊತೆಗೆ ಹಸಿರಾಗಿ ಹೊಳೆಯುವ ಒಂದು ಪ್ರೋಟೀನಿನ ಜೀನನ್ನೂ ಸೇರಿಸಿದ್ದಾರೆ. ವೈರಸ್ ಎದ್ದರೆ ಕೋಶ ಹಸಿರು, ಮಲಗಿದ್ದರೆ ಕತ್ತಲೆ.

ಎಬ್ಬಿಸುವುದು ಯಾರು? ನಮ್ಮದೇ ದೇಹದ ಟಿಎನ್‌ಎಫ್-ಆಲ್ಫಾ. ಸೋಂಕು ಬಂದಾಗ ರೋಗನಿರೋಧಕ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಪ್ರೋಟೀನು ಅದು. ಈ ಜಾತಿಯ ಪ್ರೋಟೀನುಗಳಿಗೆ ಸೈಟೋಕೈನ್ ಅನ್ನುತ್ತಾರೆ. ಟಿಎನ್‌ಎಫ್ ಬಂದು ತಾಗಿದರೆ ಕೋಶದೊಳಗೆ ಕಟ್ಟಿಹಾಕಿಟ್ಟ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನು ಬಿಡುಗಡೆಯಾಗಿ ನ್ಯೂಕ್ಲಿಯಸ್ಸಿಗೆ ಹೋಗುತ್ತದೆ. ರೋಗದ ವಿರುದ್ಧ ಬೇಕಾದ ಜೀನುಗಳನ್ನು ಚಾಲೂ ಮಾಡುವುದು ಅದರ ಕೆಲಸ. ವೈರಸ್ ಕಿಲಾಡಿ. ಅದೇ ಎನ್‌ಎಫ್-ಕಪ್ಪಾಬಿ ಬಂದು ಕೂರಲು ತನ್ನ ಡಿಎನ್‌ಎಯಲ್ಲೂ ಜಾಗ ಇಟ್ಟುಕೊಂಡಿದೆ. ಅಮೆರಿಕ, ಯುರೋಪಿನಲ್ಲಿ ಜಾಸ್ತಿ ಕಾಣುವ ಎಚ್‌ಐವಿಯ ಬಿ ಉಪವಿಧದಲ್ಲಿ ಸಾಮಾನ್ಯವಾಗಿ ಎರಡು ಜಾಗ. ನಮ್ಮ ದೇಶದಲ್ಲಿ ಹೆಚ್ಚಾಗಿರುವ ಸಿ ಉಪವಿಧದಲ್ಲಿ ಮೂರು.

ಓದಿದ್ದೆಲ್ಲ ಸರಿ, ನನ್ನ ಕೋಶ ಮಾತ್ರ ಹೊಳೆಯಲಿಲ್ಲ. ಮಿಲಿಲೀಟರಿಗೆ 10 ನ್ಯಾನೋಗ್ರಾಂ ಟಿಎನ್‌ಎಫ್ ಹಾಕಿ, 24 ಗಂಟೆ ಬಿಟ್ಟು, ದೀಪ ಆರಿಸಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಕಪ್ಪು. ಮೂರು ಸಲ ಹೀಗೇ ಆಯಿತು. ಕೋಶಗಳೇ ಕೆಟ್ಟಿವೆ ಅಂತ ಎಸೆಯಲು ಹೊರಟಿದ್ದೆ. ಜೊತೆಗಿದ್ದ ಚೇಚಿ, ‘ಒಮ್ಮೆ ಪಿಎಂಎ ಹಾಕಿ ನೋಡು’ ಅಂದರು. ಪಿಎಂಎ ಒಂದು ರಾಸಾಯನಿಕ; ಬೇರೆ ದಾರಿಯಿಂದ ಹೋದರೂ ಎನ್‌ಎಫ್-ಕಪ್ಪಾಬಿಯನ್ನೇ ಎಬ್ಬಿಸುತ್ತದೆ. ಮಾರನೇ ದಿನ ಪ್ಲೇಟಿನಲ್ಲಿ ಪಿಎಂಎ ಹಾಕಿದ ಗುಂಡಿಯಲ್ಲಿ ಹಸಿರು ಚುಕ್ಕೆಗಳು, ಜೂನ್ ಮೊದಲ ಮಳೆಗೆ ತೋಟದಲ್ಲಿ ಮಿಣುಕುಹುಳ ಬಂದ ಹಾಗೆ. ಪಕ್ಕದ ಟಿಎನ್‌ಎಫ್ ಗುಂಡಿಯಲ್ಲಿ ಏನೂ ಇಲ್ಲ. ಅಂದರೆ ಕೋಶ ಸರಿಯಿದೆ, ಕೆಟ್ಟಿರುವುದು ನನ್ನ ಟಿಎನ್‌ಎಫ್.

ತಪ್ಪು ನನ್ನದೇ. ಟಿಎನ್‌ಎಫ್ ಅನ್ನು ಬರೀ ಉಪ್ಪುದ್ರಾವಣದಲ್ಲಿ ತೆಳು ಮಾಡಿ ಒಂದೇ ಟ್ಯೂಬಿನಲ್ಲಿಟ್ಟಿದ್ದೆ. ಅಷ್ಟು ಕಡಿಮೆ ಪ್ರೋಟೀನು ಟ್ಯೂಬಿನ ಗೋಡೆಗೇ ಅಂಟಿಕೊಂಡುಬಿಡುತ್ತದೆ. ಸಾಲದ್ದಕ್ಕೆ ಪ್ರತಿ ಸಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸುತ್ತಿದ್ದೆ. ಹೊಸ ಬಾಟಲಿ ತರಿಸಿ, ಈ ಸಲ ಟಿಎನ್‌ಎಫ್ ಗೋಡೆಗೆ ಅಂಟದ ಹಾಗೆ 0.1 ಶೇಕಡಾ ಬಿಎಸ್‌ಎ (ದನದ ರಕ್ತದ ಒಂದು ಪ್ರೋಟೀನು) ಸೇರಿಸಿ, ಹತ್ತು ಹತ್ತು ಮೈಕ್ರೋಲೀಟರಿನ ಪುಟ್ಟ ಟ್ಯೂಬುಗಳಿಗೆ ಹಂಚಿ ಮೈನಸ್ 80 ಡಿಗ್ರಿಯಲ್ಲಿಟ್ಟೆ. ಒಂದು ಟ್ಯೂಬು ಒಂದೇ ಸಲಕ್ಕೆ. ಮುಂದಿನ ಪ್ಲೇಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕೋಶ ಹಸಿರು.

ಆಮೇಲೆ ಎನ್‌ಎಫ್-ಕಪ್ಪಾಬಿಯನ್ನು ತಡೆಯುವ ಮದ್ದನ್ನು ಒಂದು ಗಂಟೆ ಮೊದಲೇ ಹಾಕಿದೆ. ಹಸಿರು ಮಾಯ! ಕುಣಿದಾಡಿದೆ. ಸತ್ತ ಕೋಶಕ್ಕೆ ಮಾತ್ರ ನೀಲಿ ಹಿಡಿಸುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಣಿಸಿದಾಗ ಕೋಶ ಮುಕ್ಕಾಲು ಪಾಲು ಸತ್ತಿದ್ದವು. ಸತ್ತದ್ದು ಹೊಳೆಯುವುದುಂಟಾ? ಮದ್ದಿನ ಪ್ರಮಾಣ ಇಳಿಸಿದೆ. ಕೋಶ ಬದುಕಿದವು, ಹಸಿರು ಅರ್ಧದಷ್ಟು ಮಾತ್ರ ಇಳಿಯಿತು. ನಾನು ನಂಬುವುದು ಈ ಎರಡನೇ ಲೆಕ್ಕವನ್ನು.

ಎಲ್ಲ ಸೈಟೋಕೈನುಗಳೂ ಎಬ್ಬಿಸುವುದಿಲ್ಲ. ಇಂಟರ್‌ಫೆರಾನ್-ಆಲ್ಫಾ ವೈರಸ್ಸನ್ನು ಹಿಡಿದು ನಿಲ್ಲಿಸುತ್ತದೆ. ರಾಂಟೆಸ್‌ನಂಥ ಸೈಟೋಕೈನುಗಳು, ವೈರಸ್ ಕೋಶದೊಳಗೆ ನುಗ್ಗುವ ಸಿಸಿಆರ್5 ಎಂಬ ಬಾಗಿಲಲ್ಲೇ ಕೂತು ಒಳಗೆ ಬಿಡುವುದಿಲ್ಲ. ಅದು ಗೊತ್ತಾದದ್ದು 1995-96ರಲ್ಲಿ. ಆದರೆ ಕ್ಷಯ ಬಂದವರಲ್ಲಿ ಟಿಎನ್‌ಎಫ್ ಏರುತ್ತದೆ, ಅದರ ಜೊತೆ ಎಚ್‌ಐವಿಯೂ ಏರುತ್ತದೆ. ಎಚ್‌ಐವಿ ಇದ್ದವರಿಗೆ ಕೊಡುವ ಎಆರ್‌ಟಿ ಮಾತ್ರೆ ಹೊಸ ಕೋಶಕ್ಕೆ ಹರಡುವುದನ್ನು ತಡೆಯುತ್ತದೆ, ಮಲಗಿದ್ದನ್ನು ಮುಟ್ಟುವುದಿಲ್ಲ.

ಇದನ್ನು ಅಪ್ಪನಿಗೆ ಹೇಳಿದಾಗ ಅವರು ಅಂಗಳದಲ್ಲಿ ಅಡಿಕೆ ಹೆಕ್ಕುತ್ತಿದ್ದರು. ‘ಕೊಳೆರೋಗದ ಹಾಗೆ ಅಲ್ವಾ? ಮಣ್ಣಲ್ಲೇ ಇರ್ತದೆ, ಮಳೆ ಹಿಡಿದಾಗ ಏಳ್ತದೆ. ಎಲ್ಲ ಒಟ್ಟಿಗೆ ಎಬ್ಬಿಸಿ ಕೊಂದ್ರೆ ಆಯ್ತಲ್ಲ.’

‘ಟಿಎನ್‌ಎಫ್ ಅಷ್ಟು ಕೊಟ್ಟರೆ ವೈರಸ್ ಏಳುವ ಮೊದಲು ಮನುಷ್ಯನೇ ಮಲಗ್ತಾನೆ, ಅಪ್ಪ.’

‘ಹಾಗಾದ್ರೆ ಬೇರೆ ಎಂತಾದ್ರೂ ಹುಡುಕು’ ಅಂದರು, ಬುಟ್ಟಿ ಎತ್ತಿಕೊಳ್ಳುತ್ತಾ.