ಮೆಣಸಿನ ಎಲೆ ಮುದುಡಿದರೆ ಮೊದಲು ತಿರುವಿ ನೋಡ್ರಿ

ಸಿಂಧನೂರು, ಮಾನ್ವಿ ಕಡೆ ಹೊಲದ ತುಂಬ ಮೆಣಸಿನಕಾಯಿ ಬೆಳೆದರೂ, ಒಗ್ಗರಣೆಗೆ ಬೇಕಾದ ನಾಲ್ಕು ಹಸಿಮೆಣಸಿನಕಾಯಿಗೆ ನಾವು ಸಂತೆಗೇ ಹೋಗುತ್ತೇವೆ. ಹೊಲದ ಬೆಳೆಗೆ ಎಷ್ಟು ಸಲ ಔಷಧಿ ಹೊಡೆಯುತ್ತಾರೆಂದು ಕಂಡವರು ಮಾಳಿಗೆ ಮೇಲೆ ನಾಲ್ಕೈದು ಕುಂಡ ಇಟ್ಟುಕೊಳ್ಳುವುದು ಒಳ್ಳೆಯದು.

ಕುಂಡಕ್ಕೆ ಬರೀ ಎರೆಮಣ್ಣು ಬೇಡ. ಹಸಿ ಇದ್ದಾಗ ಜಿಗುಟು, ಒಣಗಿದರೆ ಬಿರುಕು, ಬೇರಿಗೆ ಗಾಳಿಯಾಡುವುದಿಲ್ಲ. ಕೆಂಪು ಮಣ್ಣು, ಹಳೆಯ ತಿಪ್ಪೆಗೊಬ್ಬರ, ಸ್ವಲ್ಪ ಮರಳು ಬೆರೆಸಿ. ಮಿರಗದ ಮಳೆ ಬೀಳುವ ಹೊತ್ತಿಗೆ ಬೀಜ ಉದುರಿಸಿದರೆ 35–40 ದಿನಕ್ಕೆ ಸಸಿ ಕಿತ್ತು ನೆಡಬಹುದು. ಬೀಜ ಒತ್ತೊತ್ತಾಗಿ ಹಾಕಿ ಹೊತ್ತುಹೊತ್ತಿಗೆ ನೀರು ಸುರಿದರೆ ಸಸಿಗಳ ಬುಡ ಕೊಳೆತು ನೂಲಿನಂತಾಗಿ ಸಾಲಾಗಿ ಮಲಗಿಬಿಡುತ್ತವೆ.

ಮುಖ್ಯವಾದ ಕಾಟ ಮುಟುರು ರೋಗದ್ದು. ಎಲೆ ಮುದುಡಿತೆಂದು ಕೂಡಲೇ ಅಂಗಡಿಗೆ ಓಡಬೇಡಿ. ಎಲೆ ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಅದು ಥ್ರಿಪ್ಸ್ ಕೆಲಸ. ಹೂವನ್ನು ಬಿಳಿ ಹಾಳೆ ಮೇಲೆ ತಟ್ಟಿ ನೋಡಿ, ಕಡ್ಡಿಚೂರಿನಂಥ ಸಣ್ಣ ಹುಳ ಹರಿದಾಡುತ್ತವೆ. ಎಲೆ ಕೆಳಕ್ಕೆ ಮಡಚಿ ತೊಟ್ಟು ಉದ್ದವಾಗಿದ್ದರೆ ಅದು ನುಸಿ ಎಂಬ ಅತಿ ಸಣ್ಣ ಜೀವಿಯ ಕೆಲಸ. ಅದು ಬರಿಗಣ್ಣಿಗೆ ಸುಲಭಕ್ಕೆ ಕಾಣದು. ಗಿಡವೇ ಕುಳ್ಳಾಗಿ, ಚಿಕ್ಕಚಿಕ್ಕ ಹಳದಿ ಎಲೆ ಗೊಂಚಲುಗಟ್ಟಿ, ಮುಟ್ಟಿದಾಗ ಬಿಳಿನೊಣ ಎದ್ದರೆ ಅದು ನಂಜು (ವೈರಸ್) ರೋಗ. ಅದಕ್ಕೆ ಮದ್ದಿಲ್ಲ. ಕರುಳು ಚುರ್ ಎಂದರೂ ಕಿತ್ತು ಸುಟ್ಟುಬಿಡಿ, ಇಲ್ಲದಿದ್ದರೆ ಬಿಳಿನೊಣ ಪಕ್ಕದ ಕುಂಡಕ್ಕೂ ಹಚ್ಚುತ್ತದೆ.

ಥ್ರಿಪ್ಸಿಗೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎಣ್ಣೆ ನೀರಿನಲ್ಲಿ ಬೆರೆಯುವಷ್ಟು ಸೋಪಿನ ನೀರು. ಎಣ್ಣೆ ಸಿಗದಿದ್ದರೆ 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ, ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ. ಯಾವುದೇ ಆಗಲಿ ಸಂಜೆ ಹೊತ್ತು, ಎಲೆಯ ಅಡಿಭಾಗಕ್ಕೆ ತಾಗುವಂತೆ, ವಾರಕ್ಕೊಮ್ಮೆ ಸಿಂಪಡಿಸಿ. ನುಸಿಗೂ ಎಲೆಯ ಬೂದಿ ರೋಗಕ್ಕೂ ನೀರಿನಲ್ಲಿ ಕದಡುವ ಗಂಧಕ ಲೀಟರಿಗೆ 3 ಗ್ರಾಂ ಸಾಕು. ಆದರೆ ಬೇವಿನ ಎಣ್ಣೆ ಹೊಡೆದು ಹದಿನೈದು ದಿನ ಕಳೆಯುವ ತನಕ ಗಂಧಕ ಮುಟ್ಟಬೇಡಿ, ಎಲೆ ಸುಡುತ್ತದೆ. ರಾಯಚೂರಿನ ಬ್ಯಾಸಗಿಯಲ್ಲಂತೂ ಗಂಧಕ ಬೇಡವೇ ಬೇಡ.

ಬಿಸಿಲು 40 ಡಿಗ್ರಿ ದಾಟಿದಾಗ ಹೂವು ಉದುರುವುದು ರೋಗವಲ್ಲ, ಸೆಖೆ. ಹಳೇ ಸೀರೆ ಕಟ್ಟಿ ಮಧ್ಯಾಹ್ನದ ನೆರಳು ಕೊಡಿ, ಬೆಳಿಗ್ಗೆ ಬುಡಕ್ಕೆ ನೀರು ಹಾಕಿ. ತಂಬಾಕು ತಿಕ್ಕುವ ಹಿರಿಯರಿದ್ದರೆ ಕೈ ಸೋಪಿನಲ್ಲಿ ತೊಳೆಯದೆ ಗಿಡ ಮುಟ್ಟಲು ಬಿಡಬೇಡಿ. ತಂಬಾಕಿನ ನಂಜು ಮೆಣಸಿನ ಗಿಡಕ್ಕೂ ಹತ್ತುತ್ತದೆ. ನಮ್ಮನೆಯವರಿಗೆ ಇದನ್ನು ಹೇಳಿದರೆ ನಗುತ್ತಾರೆ, ಆದರೂ ಕೈ ತೊಳೆಸಿಯೇ ಬಿಡುತ್ತೇನೆ.

ಮಳೆಗಾಲದ ಕೊನೆಗೆ ಹಣ್ಣಾದ ಕಾಯಿ ಮೇಲೆ ತಗ್ಗಾದ ದುಂಡನೆ ಕಪ್ಪು ಚುಕ್ಕೆ ಬಂದರೆ ಅದು ಹಣ್ಣು ಕೊಳೆ. ಅಂಥ ಕಾಯಿಯ ಬೀಜ ಮುಂದಿನ ವರ್ಷಕ್ಕೆ ಎತ್ತಿಡಬೇಡಿ, ರೋಗ ಬೀಜದಲ್ಲೇ ಕೂತಿರುತ್ತದೆ. ಬೀಜಕ್ಕೆಂದು ಒಂದು ಗಟ್ಟಿ ಗಿಡದ ಎರಡು ಒಳ್ಳೇ ಕಾಯಿ ಗಿಡದಲ್ಲೇ ಕೆಂಪಗಾಗಲು ಬಿಡಿ.